ಕೂತು ತೋರಿಸಿದ ಹನ್ನೆರಡು ದಿನ

ಹೊಕ್ಕುಳಿನಿಂದ ಕೆಳಗೆ ಅವನಿಗೆ ಸ್ಪರ್ಶವಿರಲಿಲ್ಲ. ಮೊದಲ ವಾರ ಡಾಕ್ಟರು ಗುಂಡುಸೂಜಿ ಹಿಡಿದು ಪಾದದಿಂದ ಮೇಲಕ್ಕೆ ಚುಚ್ಚುತ್ತ ಬಂದರು. ಅವನು ಕಿಟಕಿಯ ಕಡೆ ನೋಡುತ್ತ ಮಲಗಿದ್ದ. ಹೊಕ್ಕುಳಿನ ಹತ್ತಿರ ಬಂದಾಗ "ಆಂ" ಎಂದ. ಡಾಕ್ಟರು ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು. ಮೂರು ದಿನಕ್ಕೆ ಮೈ ಒರೆಸಿ ಒರೆಸಿ ಗೆರೆ ಅಳಿಸಿಹೋಯಿತು. ಬೇರೇನೂ ಬದಲಾಗಲಿಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಹನ್ನೊಂದು ವರ್ಷ ಕಂಡಕಂಡ ಕಟ್ಟಡದವರಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದ: ಬಾಗಿಲು ತೆರೀತು ಅಂತ ಕಾಲಿಡಬೇಡಿ, ಮೊದಲು ಕೆಳಗೆ ನೆಲ ಇದೆಯಾ ನೋಡಿ. ಆ ದಿನ ಮೂರನೇ ಮಹಡಿಯ ಬಾಗಿಲು ತೆರೆದಿಟ್ಟು, ಜೊತೆಗಾರನ ಹತ್ತಿರ ಮಾತಾಡುತ್ತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಲಿಫ್ಟು ಐದನೇ ಮಹಡಿಯಲ್ಲಿತ್ತು. ತಪ್ಪು ಯಾರದು ಎಂದು ಕೇಳಿದವರಿಗೆಲ್ಲ ಅವನು "ನಂದೇ" ಎಂದ. ಕಂಪನಿಯವರಿಗೆ ಅದರಿಂದ ಅವನ ಮೇಲೆ ಗೌರವ ಬಂತು.

ಬೆನ್ನುಹುರಿಯ ಆಪರೇಷನ್ ಮುಗಿದ ಮೇಲೆ ಅವನನ್ನು ತರಬೇತಿ ಕೊಡುವ ವಾರ್ಡಿಗೆ ಕಳಿಸಿದರು. ಅಲ್ಲಿ ಅವನೂ ಸೇರಿ ಒಂಬತ್ತು ಮಂದಿ ಇದ್ದರು. ಪಕ್ಕದ ಮಂಚದವನು ಬಸ್ ಡ್ರೈವರ್. ಬಸ್ಸಿನಿಂದಲ್ಲ, ಮನೆಯ ಮಾಡಿಗೆ ತಗಡು ಹಾಕುವಾಗ ಬಿದ್ದವನು. ಎಲ್ಲರಿಗೂ ಹೆಸರಿಡುವುದು ಅವನ ಕೆಲಸ. ಮೊದಲ ದಿನವೇ ಕೇಳಿದ:

"ಏನಪ್ಪಾ ಲಿಫ್ಟಪ್ಪ, ಎಷ್ಟನೇ ಮಹಡಿಗೆ ಹೋಗ್ಬೇಕಿತ್ತು?"

"ಮೂರು."

"ಎಲ್ಲಿಗೆ ಬಂದೆ?"

"ನೆಲಮಾಳಿಗೆಗೆ."

"ಹಂಗಾದ್ರೆ ಸರಿಯಾದ ಕಡೇನೇ ಇಳ್ದಿದ್ದೀಯ. ನಾವೆಲ್ಲ ಇಲ್ಲೇ ಇರೋದು."

ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂಗೆ ಡ್ರೈವರ್ ಇಟ್ಟ ಹೆಸರು ಹವಾಲ್ದಾರಮ್ಮ. ಅವಳಿಗೂ ಅದು ಗೊತ್ತಿತ್ತು. ಕುಳ್ಳಗಿದ್ದಳು, ದನಿ ಮಾತ್ರ ಕಟ್ಟಡದ ಆಚೆಗೂ ಕೇಳುತ್ತಿತ್ತು. ಹೊಸಬರು ಬಂದಾಗ ಎಲ್ಲರನ್ನೂ ವೀಲ್‌ಚೇರಿನಲ್ಲಿ ಸುತ್ತ ಕೂರಿಸಿ ಪಾಠ ಹೇಳುತ್ತಿದ್ದಳು.

"ಸಿನಿಮಾ ನೋಡ್ತಾ ಕೂತೋರು ಎಷ್ಟು ಸಲ ಅತ್ತಿತ್ತ ಸರೀತಾರೆ, ಲೆಕ್ಕ ಇಟ್ಟಿದ್ದೀರಾ? ಅವ್ರಿಗೇ ಗೊತ್ತಿರಲ್ಲ. ಕುಂಡಿ ಹೇಳುತ್ತೆ, ಅವ್ರು ಕೇಳ್ತಾರೆ. ನಿಮ್ಮ ಕುಂಡಿ ಬಾಯಿ ಮುಚ್ಕೊಂಡಿದೆ. ಹಂಗಾಗಿ ಗಡಿಯಾರ ಹೇಳ್ಬೇಕು, ನೀವು ಕೇಳ್ಬೇಕು. ಇಪ್ಪತ್ತು ನಿಮಿಷಕ್ಕೊಂದು ಸಲ. ಇಲ್ಲಾಂದ್ರೆ ಮೂಳೆ ಒತ್ತಿ ಒತ್ತಿ ಒಳಗಿನ ಮಾಂಸ ಸಾಯುತ್ತೆ. ನೋವಾಗಲ್ಲ. ಅದೇ ಕಷ್ಟ."

ಗಡಿಯಾರ ನೋಡಿ ಕೂಗುವ ಕೆಲಸವನ್ನು ಡ್ರೈವರ್ ತಾನೇ ವಹಿಸಿಕೊಂಡಿದ್ದ. ಕೈತೂಕ ಎತ್ತುತ್ತಿದ್ದರೂ ಊಟ ಮಾಡುತ್ತಿದ್ದರೂ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಅವನ ಗಂಟಲು ತೆರೆಯುತ್ತಿತ್ತು.

"ಎತ್ರಪ್ಪೋ ಎತ್ರೀ! ಟಿಕೆಟ್ ತಗೊಳ್ದೇ ಇರೋರೂ ಎತ್ರೀ!"

ಒಂಬತ್ತು ಮಂದಿ ವೀಲ್‌ಚೇರಿನ ಕೈಗಳ ಮೇಲೆ ಅಂಗೈ ಊರಿ, ಮೊಣಕೈ ನೆಟ್ಟಗೆ ಮಾಡಿ, ಸೀಟಿನಿಂದ ಮೇಲೇಳುತ್ತಿದ್ದರು. ಮೂವತ್ತು ಎಣಿಸಿ ಇಳಿಯುತ್ತಿದ್ದರು. ನೋಡಲು ಬಂದ ನೆಂಟರಿಗೆ ಅದು ಯಾವುದೋ ಕವಾಯತಿನಂತೆ ಕಾಣುತ್ತಿತ್ತು.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಉದ್ದ ಹಿಡಿಯ ಕನ್ನಡಿ ಹಿಡಿದು ಮಗ್ಗುಲಾಗಿ ಮಲಗಿ ತಮ್ಮ ಪೃಷ್ಠವನ್ನು ತಾವೇ ನೋಡಿಕೊಳ್ಳಬೇಕು. ಕೆಂಪು ಕಂಡರೆ ಬೆರಳಿನಿಂದ ಒತ್ತಬೇಕು. ಒತ್ತಿದಾಗ ಬಿಳಿಚಿಕೊಂಡರೆ ಪರವಾಗಿಲ್ಲ. ಕೆಂಪು ಹಾಗೇ ಉಳಿದರೆ ಅದು ಹೋಗುವವರೆಗೆ ಕೂರುವಂತಿಲ್ಲ. ನೋಡಿದ್ದನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಅವನು ಹಟಮಾರಿ. ಮಂಚದಿಂದ ಕುರ್ಚಿಗೆ ಹಲಗೆ ಇಟ್ಟು ಜಾರುವುದನ್ನು ಕಲಿಯುವಾಗ ನಾಲ್ಕು ಸಲ ಮುಖ ಅಡಿಯಾಗಿ ಬಿದ್ದ. ಒಮ್ಮೆ ಮೂಗಿನಿಂದ ರಕ್ತ ಬಂತು. ಒರೆಸಿಕೊಂಡು ಮತ್ತೆ ಹಲಗೆ ಇಟ್ಟ. ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿತ ದಿನ ಅಕ್ಕ ಎದುರಿಗೆ ಕೂತಿದ್ದಳು. ಹತ್ತು ನಿಮಿಷ ನೋಡಿ ಕೈ ಚಾಚಿದಳು.

"ಮುಟ್ಟಬೇಡ."

ನಲವತ್ತು ನಿಮಿಷ ಆಯಿತು. ಕಾಲನ್ನು ಕೈಯಿಂದ ಎತ್ತಿ ಮಂಡಿಯ ಮೇಲೆ ಇಡುವುದು, ಅದು ಜಾರಿ ಬೀಳುವುದು, ಮತ್ತೆ ಎತ್ತುವುದು. ಕೊನೆಗೆ ಚೀಲ ಕಾಲಿಗೆ ಹೋಯಿತು.

"ಒಳಗಿಂದು ಹೊರಗಾಗಿದೆ ಕಣೋ," ಎಂದಳು ಅಕ್ಕ.

"ಇರ್ಲಿ ಬಿಡು. ಒಳಗಡೆ ಇರೋನಿಗೇನೂ ಗೊತ್ತಾಗಲ್ಲ."

ಇಬ್ಬರೂ ನಕ್ಕರು. ಆಮೇಲೆ ಅಕ್ಕ ಮುಖ ತೊಳೆದು ಬರುತ್ತೇನೆಂದು ಹೋದವಳು ತುಂಬ ಹೊತ್ತು ಬರಲಿಲ್ಲ.

ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಸತ್ತ ಮೇಲೆ ಅವನನ್ನು ಬೆಳೆಸಿದವಳು ಅವಳೇ. ಪುಸ್ತಕ ಬೈಂಡ್ ಮಾಡುವ ಕಾರ್ಖಾನೆಯಲ್ಲಿ ಹಾಳೆಗಳ ಕಂತೆಗಳನ್ನು ದಾರದಿಂದ ಹೊಲಿಯುವ ಕೆಲಸ ಮಾಡುತ್ತಿದ್ದಳು. ಬೆರಳ ತುದಿಗಳಲ್ಲಿ ಯಾವಾಗಲೂ ಗೋಂದಿನ ಸಿಪ್ಪೆ ಇರುತ್ತಿತ್ತು. ಕೆಲಸ ಬಿಟ್ಟು ನೇರ ವಾರ್ಡಿಗೆ ಬಂದು, ಮಾತಾಡುತ್ತ ಆ ಸಿಪ್ಪೆ ಕೀಳುತ್ತ ಕೂರುತ್ತಿದ್ದಳು. ಮನೆಯಲ್ಲಿ ಇಬ್ಬರೇ. ಅವನು ವಾರ್ಡಿನಲ್ಲಿದ್ದಾಗ ಅವಳು ಬಡಗಿಯನ್ನು ಕರೆಸಿ ಹೊಸ್ತಿಲು ಕೀಳಿಸಿ, ಬಚ್ಚಲಿನ ಬಾಗಿಲು ತೆಗೆಸಿ ಪರದೆ ಹಾಕಿಸಿದ್ದಳು.

ಐದನೇ ತಿಂಗಳು ಕಂಪನಿಯ ಸೂಪರ್‌ವೈಸರ್ ನೋಡಲು ಬಂದ. ವರ್ಕ್‌ಶಾಪಿನಲ್ಲಿ ಲಿಫ್ಟಿನ ಸರ್ಕ್ಯೂಟ್ ಬೋರ್ಡು ರಿಪೇರಿ ಮಾಡುವ ಬೆಂಚಿನ ಮುದುಕ ತಿಂಗಳ ಕೊನೆಗೆ ನಿವೃತ್ತನಾಗುತ್ತಿದ್ದ.

"ಕೂತು ಮಾಡೋ ಕೆಲ್ಸ. ನಿನಗಿಂತ ಚೆನ್ನಾಗಿ ಬೋರ್ಡು ಗೊತ್ತಿರೋನು ನಮ್ಮಲ್ಲಿ ಯಾರಿದ್ದಾರೆ? ನಾನು ಹೇಳಿದೀನಿ. ಆದ್ರೆ ಮೇಲಿನವ್ರು ಒಂದೇ ಮಾತು ಕೇಳ್ತಾರೆ, ಎಂಟು ಗಂಟೆ ಕೂರ್ತಾನಾ ಅಂತ. ಎರಡು ವಾರ ಬಂದು ಕೂತು ತೋರಿಸು. ಹನ್ನೆರಡು ದಿನದ ಕೆಲ್ಸ. ಆಮೇಲೆ ಬೆಂಚು ನಿಂದು."

"ಬರ್ತೀನಿ," ಎಂದ. ಯೋಚಿಸಲಿಲ್ಲ. ಬಿದ್ದ ಮೇಲೆ ಯಾರಾದರೂ ಅವನಿಂದ ಏನಾದರೂ ಕೆಲಸ ಕೇಳಿದ್ದು ಅದೇ ಮೊದಲು.

ಹವಾಲ್ದಾರಮ್ಮ ಒಪ್ಪಲಿಲ್ಲ.

"ನೀನು ಈಗ ಕೂರೋದು ಐದು ಗಂಟೆ. ವಾರಕ್ಕೆ ಅರ್ಧ ಗಂಟೆ ಹೆಚ್ಚಿಸ್ಬೇಕು. ಎಂಟಕ್ಕೆ ಬರೋಕೆ ಇನ್ನೂ ಒಂದೂವರೆ ತಿಂಗಳು ಬೇಕು."

"ಒಂದೂವರೆ ತಿಂಗಳಿಗೆ ಅಲ್ಲಿ ಬೇರೆಯವ್ನು ಕೂತಿರ್ತಾನೆ ಮೇಡಂ."

ನಾಲ್ಕು ದಿನ ಅವಳ ಹಿಂದೆ ವೀಲ್‌ಚೇರ್ ತಳ್ಳಿಕೊಂಡು ತಿರುಗಿದ. ಐದನೇ ದಿನ ಅವಳು ಕೈಗಡಿಯಾರವೊಂದನ್ನು ತಂದು, ಇಪ್ಪತ್ತು ನಿಮಿಷಕ್ಕೊಮ್ಮೆ ಕೂಗುವಂತೆ ಅಲಾರಂ ಇಟ್ಟು, ತಾನೇ ಅವನ ಕೈಗೆ ಕಟ್ಟಿದಳು.

"ಕೆಂಪು ಕಂಡ್ರೆ?"

"ಕೂರಲ್ಲ."

"ಕೆಲ್ಸ ಹೋದ್ರೆ?"

"ಕೂರಲ್ಲ ಅಂದ್ನಲ್ಲ ಮೇಡಂ."

ವಾರ್ಡಿನಿಂದ ಹೊರಡುವಾಗ ಡ್ರೈವರ್ ಎಲ್ಲರಿಗೂ ಕೇಳುವಂತೆ, "ಲಿಫ್ಟಪ್ಪ ರಿಪೇರಿಯಾದ, ಮೇಲ್ಗಡೆ ಹೋಗ್ತಾವ್ನೆ, ದಾರಿ ಬಿಡ್ರೋ," ಎಂದು ಕೂಗಿದ.

ವರ್ಕ್‌ಶಾಪಿನಲ್ಲಿ ಐದು ಬೆಂಚು. ಎಲ್ಲರೂ ಹಳೆಯ ಪರಿಚಯದವರು. ಅವನ ಬೆಂಚಿನ ಕಾಲುಗಳನ್ನು ನಾಲ್ಕು ಬೆರಳು ಕತ್ತರಿಸಿ ಗಿಡ್ಡ ಮಾಡಿದ್ದರು. ಯಾರೋ ಉಪಕರಣಗಳನ್ನೆಲ್ಲ ಅವನ ಕೈಗೆ ಎಟುಕುವಂತೆ ಜೋಡಿಸಿಟ್ಟಿದ್ದರು. ಅವನು ಎಲ್ಲದರ ಮೇಲೂ ಒಮ್ಮೆ ಕೈಯಾಡಿಸಿದ. ಕೂಡಲೇ ಒಂದು ಬೋರ್ಡು ಕೈಗೆತ್ತಿಕೊಂಡ.

ಇಪ್ಪತ್ತು ನಿಮಿಷಕ್ಕೆ ಗಡಿಯಾರ ಕೂಗಿತು. ಅಂಗೈ ಊರಿ ಎದ್ದ. ನಾಲ್ಕು ತಲೆಗಳು ಅವನ ಕಡೆ ತಿರುಗಿದವು. ಮೂವತ್ತು ಎಣಿಸಿ ಇಳಿದ. ತಲೆಗಳು ಕೆಳಗಾದವು. ಮತ್ತೆ ಇಪ್ಪತ್ತು ನಿಮಿಷ. ನಾಲ್ಕನೇ ಸಲ ಪಕ್ಕದ ಬೆಂಚಿನವನು, "ಏನೋ, ಕೂತ್ಕೊಂಡಲ್ಲೇ ಜಿಗೀತೀಯಲ್ಲ, ಕಪ್ಪೆ ತಿಂದ್ಯಾ?" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮಧ್ಯಾಹ್ನ ಸೂಪರ್‌ವೈಸರ್ ಮೇಲಿನವರೊಬ್ಬರನ್ನು ಕರೆದುಕೊಂಡು ಬಂದ. ಅವರು ಬೆಂಚಿನ ಹತ್ತಿರ ನಿಂತು, "ಹೇಗಿದೆ? ಕೂರೋಕೆ ಏನೂ ತೊಂದ್ರೆ ಇಲ್ಲ ತಾನೇ?" ಎಂದರು. ಅವನು "ಏನೂ ಇಲ್ಲ ಸರ್" ಎನ್ನುವಾಗಲೇ ಗಡಿಯಾರ ಕೂಗಿತು. ಅವನು ಗುಂಡಿ ಒತ್ತಿ ಅದನ್ನು ನಿಲ್ಲಿಸಿದ. ಏಳಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಿಂದ ಕರೆದೊಯ್ಯುವ ಕಂಪನಿಯ ವ್ಯಾನಿನಲ್ಲೇ ಅಲಾರಂ ತೆಗೆದ. ಗೋಡೆಯಲ್ಲಿ ದೊಡ್ಡ ಗಡಿಯಾರವಿದೆ, ನೋಡಿಕೊಂಡು ಸದ್ದಿಲ್ಲದೆ ಎದ್ದರಾಯಿತು ಅಂದುಕೊಂಡ. ಆದರೆ ಬೋರ್ಡಿನಲ್ಲಿ ದೋಷ ಹುಡುಕಲು ಕೂತವನಿಗೆ ಗೋಡೆ ಕಾಣುವುದಿಲ್ಲ. ಒಂದು ರಿಲೇ ಸ್ವಿಚ್ಚು ಅಂಟಿಕೊಳ್ಳುತ್ತಿತ್ತು, ಅದಕ್ಕೆ ಕಾರಣ ಸಿಗುತ್ತಿರಲಿಲ್ಲ. ತಂತಿ ತಂತಿ ಹಿಡಿದು ಹೋದ. ಸಿಕ್ಕಿತು. ತಲೆ ಎತ್ತಿದಾಗ ಎರಡೂ ಕಾಲು ಗಂಟೆ ಕಳೆದಿತ್ತು. ಆರು ತಿಂಗಳಲ್ಲಿ ಅಷ್ಟು ಹೊತ್ತು ಅವನು ತನ್ನ ಕಾಲುಗಳನ್ನು ಮರೆತದ್ದು ಅದೇ ಮೊದಲು. ಸಂತೋಷವಾಗಿತ್ತು.

ನಾಲ್ಕನೇ ದಿನ ಸಂಜೆ ಕನ್ನಡಿಯಲ್ಲಿ ಎಡಗಡೆ ಒಂದು ಕೆಂಪು ಕಲೆ ಕಂಡಿತು. ಬೊಟ್ಟಿನಗಲ. ಬೆರಳಿನಿಂದ ಒತ್ತಿದ. ಬಿಳಿಚಿಕೊಳ್ಳಲಿಲ್ಲ. ಮತ್ತೆ ಒತ್ತಿದ. ದೀಪದ ಬೆಳಕು ಸರಿಯಿಲ್ಲ ಅನ್ನಿಸಿ ಮಂಚದ ಆ ಕಡೆಗೆ ಹೊರಳಿ ನೋಡಿದ. ಬೆಳಕು ಸರಿಯಾಗಿಯೇ ಇತ್ತು. ಪುಸ್ತಕ ತೆಗೆದು "ಸರಿ ಇದೆ" ಎಂದು ಬರೆದು ಸಹಿ ಹಾಕಿದ. ಇನ್ನು ಎಂಟು ದಿನ.

ಅಕ್ಕ ಬಾಗಿಲ ಆಚೆಯಿಂದ ಕೇಳಿದಳು, "ನೋಡ್ಕೊಂಡ್ಯಾ?"

"ನೋಡ್ಕೊಂಡೆ."

"ನಾನೂ ಒಂದ್ಸಲ ನೋಡ್ಲೇನೋ? ಕನ್ನಡಿಗೆ ಎಲ್ಲ ಕಾಣುತ್ತೋ ಇಲ್ವೋ."

"ನಾನೇನು ತೊಟ್ಟಿಲ ಕೂಸಾ?"

"ತೊಟ್ಟಿಲಲ್ಲಿದ್ದಾಗ ನೋಡಿದ್ದೀನಿ ಬಿಡು. ಅಂಥಾ ವಿಶೇಷ ಏನೂ ಇರ್ಲಿಲ್ಲ."

ಅವನು ನಗಲಿಲ್ಲ. "ಅಕ್ಕಾ, ಒಂದಾದ್ರೂ ನನ್ನ ಪಾಡಿಗೆ ಬಿಡು," ಎಂದ. ಅವಳು ಮತ್ತೆ ಕೇಳಲಿಲ್ಲ. ಅವನಿಗೆ ಮೂವತ್ತನಾಲ್ಕು ವರ್ಷ. ಅವನ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು ಅವಳಿಗೆ.

ರಜೆಯ ದಿನ ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಬೋರಲಾಗಿ ಮಲಗಿದ. ಕೆಲಸದ ಸುಸ್ತು ಅಂದುಕೊಂಡು ಅಕ್ಕ ಊಟವನ್ನು ತಲೆಯ ಹತ್ತಿರ ತಂದಿಟ್ಟಳು. ಸಂಜೆ ಕನ್ನಡಿಯಲ್ಲಿ ಕಲೆ ನೇರಳೆಯಾಗಿತ್ತು, ನಡುವೆ ಚರ್ಮ ಬಿರಿದಿತ್ತು. ಅವನು ಹತ್ತಿ ಇಟ್ಟು ಪಟ್ಟಿ ಅಂಟಿಸಿದ. ಹವಾಲ್ದಾರಮ್ಮನಿಗೆ ಫೋನ್ ಮಾಡಿ ಎಲ್ಲ ಸರಿಯಿದೆ ಎಂದ. ಫೋನಿನಲ್ಲಿ ಅವಳು ಹೊಸಬರಿಗೆ ಹೇಳುವುದು ಕೇಳಿಸಿತು: "ಇವನ ಹತ್ರ ಕಲೀರಿ. ಆರೇ ತಿಂಗಳಿಗೆ ಕೆಲಸಕ್ಕೆ ಹೋಗ್ತಿದಾನೆ."

ಒಂಬತ್ತನೇ ದಿನ ಕೆಲಸದಿಂದ ಬಂದ ಅಕ್ಕ ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು.

"ಏನೋ ಸತ್ತ ವಾಸನೆ. ನಿನಗೆ ಬರ್ತಿಲ್ವಾ?"

ಅವನು ಕಿಟಕಿಯ ಹತ್ತಿರ ಕೂತಿದ್ದ. "ಇಲಿ ಇರ್ಬೇಕು," ಎಂದ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬೀರು ಎಳೆದಳು. ಅದರ ಹಿಂದೆ ಏನೂ ಇರಲಿಲ್ಲ. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿದಳು. ಮೊಣಕಾಲೂರಿ ಅವನ ಮಂಚದ ಕೆಳಗೆ ಟಾರ್ಚು ಬಿಟ್ಟು ನೋಡಿದಳು. "ಎಲ್ಲೋ ಗೋಡೆ ಸಂದಿಯಲ್ಲಿ ಹೋಗಿ ಸತ್ತಿದೆ ಮುಂಡೇದು," ಎಂದು ಗೊಣಗುತ್ತ ಮನೆಯನ್ನೆಲ್ಲ ಫಿನೈಲ್ ಹಾಕಿ ಒರೆಸಿದಳು. ಅವಳು ನೆಲ ಒರೆಸುತ್ತ ಹತ್ತಿರ ಬಂದಂತೆಲ್ಲ ಅವನು ವೀಲ್‌ಚೇರನ್ನು ಹಿಂದಕ್ಕೆ ಸರಿಸಿದ.

ಹನ್ನೊಂದನೇ ದಿನ ಮೈ ನಡುಗಿತು. ಮಾತ್ರೆ ನುಂಗಿ ಹೋದ. ಹನ್ನೆರಡನೇ ದಿನ ಐದು ಗಂಟೆಗೆ ಸೂಪರ್‌ವೈಸರ್ ಬಂದು ಅವನ ಬೆನ್ನು ತಟ್ಟಿದ.

"ಮೂವತ್ತೊಂದು ಬೋರ್ಡು. ಮುದುಕ ಎರಡು ವಾರಕ್ಕೆ ಇಪ್ಪತ್ತು ಮಾಡ್ತಿದ್ದ. ಒಂದನೇ ತಾರೀಕಿಂದ ಬಾ. ಮೇಲಿನವ್ರು ಕಾಗದ ಟೈಪ್ ಮಾಡಿಸ್ತಿದಾರೆ... ಯಾಕೋ, ಕೈ ಇಷ್ಟು ಸುಡ್ತಿದೆ?"

"ಬೋರ್ಡು ಬಿಸಿ ಸರ್," ಎಂದ.

ಮನೆಯಲ್ಲಿ ಅಕ್ಕ ಹೊಸ ಎರಡು ಅಂಗಿ ತಂದು ಮಡಚಿ ಇಟ್ಟಿದ್ದಳು. ಕುರ್ಚಿಯಿಂದ ಮಂಚಕ್ಕೆ ಜಾರುವಾಗ ಕೈ ಸೋತು ಅವನು ನೆಲಕ್ಕೆ ಬಿದ್ದ. ಅವಳು ಓಡಿಬಂದು ಹಿಡಿದು ಎತ್ತಲು ನೋಡಿದಳು, ಆಗಲಿಲ್ಲ. ಅವನ ಪ್ಯಾಂಟು ಹಿಂದೆ ಒದ್ದೆಯಾಗಿತ್ತು. ಮೂತ್ರ ಅಂದುಕೊಂಡು ಬಿಚ್ಚಲು ಹೋದಳು. ಅವನು ಬೇಡ ಎಂದ. ಬಿಚ್ಚಿದಳು. ಪಟ್ಟಿ ತೆಗೆದಳು.

ಅವಳು ಕಿರುಚಲಿಲ್ಲ. ನೆಲದ ಮೇಲೆ ಅವನ ಪಕ್ಕ ಕೂತಳು. ಕೇಳಿದಳು:

"ಇಲಿ ಅಂದ್ಯಲ್ಲೋ."

ಅವನು ಮುಖವನ್ನು ಮಂಚದ ಕಾಲಿನ ಕಡೆ ತಿರುಗಿಸಿದ.

"ನಾನು ಬೀರು ಎಳೀತಿದ್ದೆ. ನೀನು ನೋಡ್ತಾ ಕೂತಿದ್ದೆ."

"ಇನ್ನ ಮೂರೇ ದಿನ ಇತ್ತು ಅಕ್ಕ."

"ನಿನಗೆ ನೋವಿರ್ಲಿಲ್ಲ ಅನ್ನೋದು ಗೊತ್ತು ಕಣೋ. ನನಗೆ ಮೂಗಿತ್ತು. ಅದನ್ನೂ ಸುಳ್ಳು ಮಾಡಿಬಿಟ್ಯಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಗ್ಲೌಸ್ ಹಾಕಿದ ಬೆರಳನ್ನು ಗಾಯದೊಳಗೆ ಇಳಿಸಿದರು. ಬೊಟ್ಟಿನಗಲದ ಬಾಯಿಯ ಕೆಳಗೆ ಅಂಗೈಯಷ್ಟು ಟೊಳ್ಳಾಗಿತ್ತು. ಬೆರಳು ಮೂಳೆ ಮುಟ್ಟಿತು. ಅವನಿಗೆ ಅದೂ ತಿಳಿಯಲಿಲ್ಲ. ಡಾಕ್ಟರ ಮುಖ ಕಾಣದೆ, ಅಕ್ಕನ ಮುಖ ನೋಡಿ ಅವನು ಎಷ್ಟು ಆಳವೆಂದು ಅಂದಾಜು ಮಾಡಿದ.

ಹವಾಲ್ದಾರಮ್ಮ ಬಂದು ಪುಸ್ತಕ ತೆರೆದಳು. ಪುಟ ಪುಟಕ್ಕೂ ಸರಿ ಇದೆ, ಸರಿ ಇದೆ, ಸಹಿ. ಅವಳು ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಹಟಾನ ಎಲ್ಲರ ಎದುರಿಗೆ ಹೊಗಳ್ತಿದ್ದೆ," ಎಂದಳು ಸಣ್ಣ ದನಿಯಲ್ಲಿ. "ಕೆಂಪಾಗಿದೆ ಅಂತ ನನಗೆ ಹೇಳೋಕೆ ಜಾಗಾನೇ ಬಿಟ್ಟಿರ್ಲಿಲ್ಲ ನಾನು. ಹೋಗ್ಬೇಡ ಅಂತ ಮೊದಲ್ನೇ ದಿನಾನೇ ಅನ್ಬೇಕಿತ್ತು."

"ಅಂದಿದ್ರಿ ಮೇಡಂ."

"ಆಮೇಲೆ ಗಡಿಯಾರ ಕಟ್ಟಿದೆನಲ್ಲ."

ಹಳೆಯ ಮಂಚವೇ ಸಿಕ್ಕಿತು. ಡ್ರೈವರ್ ಅವನನ್ನು ನೋಡಿ ಏನೋ ತಮಾಷೆ ಹೇಳಲು ಬಾಯಿ ತೆರೆದ, ಹಾಗೇ ಮುಚ್ಚಿದ. "ನೀರು ಬೇಕಾ?" ಎಂದ.

ಸತ್ತ ಮಾಂಸ ಕತ್ತರಿಸಿ ತೆಗೆದರು. ಮೂಳೆಗೂ ಕೀವು ಹತ್ತಿತ್ತು, ಅದನ್ನೂ ಕೆತ್ತಿದರು. ತೊಡೆಯ ಹಿಂದಿನಿಂದ ಮಾಂಸ ತಿರುಗಿಸಿ ತಂದು ಹಳ್ಳ ಮುಚ್ಚಿದರು. ಹೊಲಿಗೆ ಬಿಟ್ಟಿತು. ಮತ್ತೆ ಮಾಡಿದರು. ಇಷ್ಟೂ ದಿನ ಅವನು ಬೋರಲು ಮಲಗಿರಬೇಕಿತ್ತು. ಗದ್ದದ ಕೆಳಗೆ ದಿಂಬು, ಕಣ್ಣೆದುರು ನೆಲದ ಹಾಸುಕಲ್ಲು. ಯಾರು ಬಂದರೂ ಅವನಿಗೆ ಮೊದಲು ಕಾಣುತ್ತಿದ್ದುದು ಚಪ್ಪಲಿ.

ಒಂದು ದಿನ ಕಂಪನಿಯ ಬೂಟು ಕಂಡಿತು. ಸೂಪರ್‌ವೈಸರ್ ಕುಕ್ಕರುಗಾಲಲ್ಲಿ ಕೂತು ಅವನ ಮುಖಕ್ಕೆ ಮುಖ ತಂದ.

"ಬೆಂಚು ಖಾಲಿ ಇಟ್ಕೊಂಡು ಕಾಯೋಕಾಗ್ಲಿಲ್ಲ ಕಣೋ. ನಾಲ್ಕು ತಿಂಗಳು ತಳ್ಳಿದೆ. ಹೋದ ವಾರ ಬೇರೆಯವ್ನ ಹಾಕಿದ್ರು."

"ಗೊತ್ತು ಸರ್."

"ಒಂದು ಕೇಳ್ತೀನಿ. ಆ ಗಡಿಯಾರ ಯಾಕೆ ನಿಲ್ಸಿದೆ?"

"ಎಲ್ರೂ ತಿರುಗಿ ನೋಡೋರು ಸರ್."

ಸೂಪರ್‌ವೈಸರ್ ಬೂಟಿನ ತುದಿಯ ದೂಳು ಒರೆಸಿದ.

"ದಿನಾ ಸಾವಿರ ಸಲ ಲಿಫ್ಟಿನ ಗಂಟೆ ಕೇಳೋರು ನಾವು. ಇನ್ನೊಂದೆರಡು ದಿನಕ್ಕೆ ತಲೇನೂ ಎತ್ತುತ್ತಿರ್ಲಿಲ್ಲ. ಮೇಲಿನವ್ರಿಗೂ ಹೇಳಿದ್ದೆ, ಅವನು ಆಗಾಗ ಎದ್ದು ಕೂರ್ಬೇಕಾಗುತ್ತೆ ಅಂತ. ಆಯ್ತು ಅಂದಿದ್ರು."

ಅವನು ಹೋದ ಮೇಲೆ ಇವನು ದಿಂಬಿಗೆ ಮುಖ ಒತ್ತಿಕೊಂಡ. ಡ್ರೈವರ್ ಆ ಕಡೆ ತಿರುಗಿ ಮಲಗಿದ. ಸಿಸ್ಟರ್ ಬಂದು ಜ್ವರ ನೋಡಿ ಹೋದಳು.

ಗಾಯ ಕೂಡಿಕೊಳ್ಳಲು ಶುರುವಾದ ಮೇಲೆ ಚಕ್ರವಿರುವ ಉದ್ದನೆಯ ಹಲಗೆಯ ಮೇಲೆ ಅವನನ್ನು ಬೋರಲಾಗಿ ಮಲಗಿಸಿದರು. ಮುಂದಿನ ಎರಡು ಗಾಲಿಗಳನ್ನು ಕೈಯಿಂದ ತಳ್ಳಿಕೊಂಡು ವಾರ್ಡಿನಲ್ಲಿ ಓಡಾಡಬಹುದಿತ್ತು. ಮೊದಲ ದಿನ ಮಂಚದಿಂದ ಬಾಗಿಲವರೆಗೆ ಹೋಗಲು ಏದುಸಿರು ಬಂತು, ತೋಳುಗಳು ಕಡ್ಡಿಯಾಗಿದ್ದವು. ಮರುದಿನ ಬಾಗಿಲು ದಾಟಿದ. ವಾರದಲ್ಲಿ ಕಾರಿಡಾರಿನ ಕೊನೆಯವರೆಗೆ ಹೋಗಿಬಂದ. ಹವಾಲ್ದಾರಮ್ಮ ಅವನ ಕೈಗೆ ಮತ್ತೆ ತೂಕ ಕೊಟ್ಟಳು, ಸಣ್ಣದು, ಮೊದಲ ತಿಂಗಳಲ್ಲಿ ಕೊಟ್ಟದ್ದು. ಅವನು ಎತ್ತಿದ. ಅವಳು ಎಣಿಸಿದಳು, ಹೊಗಳಲಿಲ್ಲ.

ಅಕ್ಕ ದಿನವೂ ಬರುತ್ತಿದ್ದಳು. ಬಂದವಳೇ ಕೈ ತೊಳೆದು, ಹೊದಿಕೆ ಸರಿಸಿ, ಬಾಗಿ ನೋಡುತ್ತಿದ್ದಳು. "ನೋಡ್ಕೊಂಡ್ಯಾ?" ಎಂದು ಕೇಳುವುದನ್ನು ಬಿಟ್ಟಿದ್ದಳು. ಒಮ್ಮೆ ಅವನೇ, "ಬೆಳಿಗ್ಗೆ ನೋಡ್ಕೊಂಡೆ ಅಕ್ಕ, ನಿಜವಾಗ್ಲೂ," ಎಂದ. ಅವಳು "ಹೂಂ" ಎಂದು, ಹೊದಿಕೆ ಸರಿಸಿ, ತಾನೂ ನೋಡಿದಳು. ಪುಸ್ತಕದಲ್ಲಿ ಈಗ ಅವಳದೇ ಸಹಿ.

ಮನೆಗೆ ಕಳಿಸುವ ದಿನ ಡಾಕ್ಟರು ಕಾಗದ ಓದಿ ಹೇಳಿದರು. ಅಕ್ಕ ಕೇಳಿಸಿಕೊಂಡಳು, ಅವನೂ ಕೇಳಿಸಿಕೊಂಡ. ಆಪರೇಷನ್ ಎರಡು. ಕೆತ್ತಿದ ಮೂಳೆ ಮೂರು ಸೆಂಟಿಮೀಟರ್. ಬೋರಲು ಮಲಗಿದ್ದು ಏಳು ತಿಂಗಳು ನಾಲ್ಕು ದಿನ. ಇನ್ನು ಮುಂದೆ ದಿನಕ್ಕೆ ಕೂರಬಹುದಾದದ್ದು ಎರಡು ಗಂಟೆ, ಹೆಚ್ಚೆಂದರೆ. ಬೆಂಚಿನ ಎಂಟು ಗಂಟೆಯಲ್ಲಿ ಆರು ಹೋಯಿತು.